65 ವ್ಯಾಟ್ ಹಳೇ ಸೋಲ್ಡರಿಂಗ್ ಐರನ್‌ಗೆ ಮೈಕಾ ಎಲಿಮೆಂಟ್ (ಮೈಕಾ ಹಾಳೆ ಮೇಲೆ ಸುತ್ತಿದ ಕಾಯಿಸುವ ತಂತಿ) ಬೇಕು, ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ಸಿಗುತ್ತಾ?

ಮರದ ಹಿಡಿ, 230 ವೋಲ್ಟ್. ಪ್ಲಗ್ ಪಿನ್‌ಗಳ ನಡುವೆ ಸುಮಾರು 800 ಓಮ್ ಬರಬೇಕಿತ್ತು, ಮೀಟರ್ ಓಪನ್ ತೋರಿಸ್ತಿದೆ. ವೈರ್ ಸರಿಯಿದೆ, ಎಲಿಮೆಂಟಿನ ನೈಕ್ರೋಮ್ ತಂತಿ ಲೀಡ್ (ಹೊರಗೆ ಬರುವ ತಂತಿ) ಸೇರುವ ಜಾಗದಲ್ಲೇ ತುಂಡಾಗಿದೆ. ‘ತಿರುಚಿ ಸೇರಿಸಿ’ ಅನ್ನಬೇಡಿ: ಕಾದಾಗ ಆ ಜಾಯಿಂಟ್ ಆಕ್ಸೈಡ್ ಹಿಡಿದು ಮತ್ತೆ ಬಿಡುತ್ತೆ, ಬೆಸುಗೆಯಂತೂ ಅಲ್ಲಿ ಕರಗಿಯೇ ಹೋಗುತ್ತೆ.

ಬಿಟ್ (ಬೆಸುಗೆ ಹಾಕುವ ತುದಿ) 8 ಮಿ.ಮೀ. ತಾಮ್ರದ್ದು, ಕಪ್ಪು ಪೊರೆ ಕಟ್ಟಿ ಕೊಳವೆಯಂಥ ಬ್ಯಾರಲ್‌ನಲ್ಲಿ ಕಚ್ಚಿಕೊಂಡಿದೆ. ಎಳೆದರೆ ಒಳಗಿನ ಮೈಕಾ ಹರಿಯುತ್ತೆ. ಮೈಕಾ ಉಳಿಸಿಕೊಂಡೇ ಬಿಟ್ ಬಿಡಿಸೋ ದಾರಿ ಇದೆಯಾ?

ಬೇಕಿರೋದು: ಬಿಡಿ ಎಲಿಮೆಂಟ್ ಮಾರುವ ಅಂಗಡಿ ಯಾವ ಗಲ್ಲಿಯಲ್ಲಿದೆ ಅಂತ, ಇಲ್ಲವೇ ಬೆಂಗಳೂರಲ್ಲಿ ರೀವೈಂಡ್ ಮಾಡುವವರು. 25 ವ್ಯಾಟ್‌ನದ್ದು ಬೇಡ, ಇಷ್ಟು ದಪ್ಪ ಬಿಟ್ ಅದಕ್ಕೆ ಕಾಯಲ್ಲ. ಲೀಡ್‌ಗೆ ಫೈಬರ್‌ಗ್ಲಾಸ್ ಸ್ಲೀವ್ ಒಂದಡಿ ಸಾಕು, ಪಿವಿಸಿ ಕರಗುತ್ತೆ. ಜೊತೆಗೆ ಐರನ್ನಿನ ಲೋಹದ ಮೈಗೆ ಅರ್ತ್ ಕೊಟ್ಟು ಮೂರು ಪಿನ್ ಪ್ಲಗ್ ಹಾಕ್ತಿದ್ದೀನಿ.