ಪ್ರಕಾಶಕರ ಲೆಕ್ಕಾಚಾರ ಅಮೆರಿಕನ್ ಕಾದಂಬರಿಯನ್ನು ಹೇಗೆ ಬದಲಿಸುತ್ತದೆ?

ಶಿವಗಂಗೋತ್ರಿ_ಎಂಎ:
ದಾವಣಗೆರೆ ವಿ.ವಿ.ಯಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. 1980ರ ನಂತರದ ಅಮೆರಿಕನ್ ಕಾದಂಬರಿ ನನ್ನ ಸೆಮಿನಾರ್ ವಿಷಯ. ಪ್ರಕಾಶನದ ದುಡ್ಡಿನ ವ್ಯವಹಾರ ಬರವಣಿಗೆಯನ್ನೇ ಬದಲಿಸುತ್ತೆ ಅಂತಾರೆ. ಅದು ಎಲ್ಲಿ, ಹೇಗೆ ಆಗುತ್ತೆ? ಬಲ್ಲವರು ದಯವಿಟ್ಟು ತಿಳಿಸಿ.

ಕೋಟೆನಾಡು:
ಮೊದಲು ಅಡ್ವಾನ್ಸ್ ಲೆಕ್ಕ ಹಾಕಿ, ಅಂದರೆ ಮುಂದೆ ಬರುವ ರಾಯಧನದಲ್ಲಿ ಮುರಿದುಕೊಳ್ಳುವಂತೆ ಪ್ರಕಾಶಕರು ಲೇಖಕರಿಗೆ ಮೊದಲೇ ಕೊಡುವ ಹಣ. ಹಾರ್ಡ್‌ಕವರ್‌ಗೆ ರೂಢಿಯ ರಾಯಧನ ಮೊದಲ 5,000 ಪ್ರತಿಗೆ ಶೇ 10, ಮುಂದಿನ 5,000ಕ್ಕೆ ಶೇ 12.5, ಆಮೇಲೆ ಶೇ 15. 28 ಡಾಲರ್ ಬೆಲೆಯ ಪುಸ್ತಕ 10,000 ಹೋದರೂ ಲೇಖಕರ ಪಾಲು 31,500 ಡಾಲರ್, ಅದರಲ್ಲೂ ಏಜೆಂಟರಿಗೆ ಶೇ 15. ಒಂದು ಲಕ್ಷ ಡಾಲರ್ ಅಡ್ವಾನ್ಸ್ ಹಾರ್ಡ್‌ಕವರ್‌ನಲ್ಲೇ ತೀರಬೇಕಾದರೆ ಸುಮಾರು 26,300 ಪ್ರತಿ ಖರ್ಚಾಗಬೇಕು. ತೀರದಿದ್ದರೆ ಲೇಖಕರು ಹಣ ವಾಪಸ್ ಕೊಡಬೇಕಿಲ್ಲ, ಪೆಟ್ಟು ಬೀಳುವುದು ಎರಡನೇ ಪುಸ್ತಕಕ್ಕೆ. 2001ರಲ್ಲಿ ಅಂಗಡಿಗಳ ಮಾರಾಟದ ಅಂಕಿ ಕಲೆಹಾಕುವ ಬುಕ್‌ಸ್ಕ್ಯಾನ್ ಸೇವೆ ಬಂದ ಮೇಲೆ ಹಿಂದಿನ ಪುಸ್ತಕದ ಮಾರಾಟ ಬೇರೆ ಪ್ರಕಾಶಕರಿಗೂ ಗೊತ್ತಾಗುತ್ತದೆ. ಅಂಗಡಿಗಳೂ ಆ ಅಂಕಿ ನೋಡಿಯೇ ಆರ್ಡರ್ ಹಾಕುತ್ತವೆ. ಹಾಗಾಗಿ ಮಾರಾಟದ ಚರಿತ್ರೆಯೇ ಇಲ್ಲದ ಹೊಸಬರಿಗೆ ಸಿಗುವ ಅವಕಾಶ, ಮೂರು ಪುಸ್ತಕ ಬರೆದು ಪಳಗಿದವರಿಗೆ ಸಿಗದೆ ಹೋಗಬಹುದು. ನಿಧಾನವಾಗಿ ಮಾಗುವ ಲೇಖಕರಿಗೆ ಇದು ದೊಡ್ಡ ಅನ್ಯಾಯ.

ಭದ್ರಾದಂಡೆ:
ಕೋಟೆನಾಡು ಸರ್ ಹೇಳಿದ್ದು ಸರಿ, ಆದರೆ ಅಡ್ವಾನ್ಸ್ ತೀರದ ಪುಸ್ತಕವೆಲ್ಲ ಪ್ರಕಾಶಕರಿಗೆ ನಷ್ಟ ಅಂದುಕೊಳ್ಳಬೇಡಿ. ಮುಖಬೆಲೆಯ ಹತ್ತಿರ ಹತ್ತಿರ ಅರ್ಧ ಅವರ ಕೈಸೇರುತ್ತದೆ, ಅಡ್ವಾನ್ಸ್ ತೀರುವ ಮುಂಚೆಯೇ ಲಾಭ ಬರಬಹುದು. ಅವರಿಗೆ ಭಯ ಇರುವುದು ವಾಪಸಾತಿಯದು. 1930ರ ದಶಕದ ಆರ್ಥಿಕ ಕುಸಿತದ ಕಾಲದಿಂದ ಮಾರಾಟವಾಗದ ಪ್ರತಿಗಳನ್ನು ಅಂಗಡಿಗಳು ಹಿಂದಿರುಗಿಸಬಹುದು. ಕೆಲವು ವಾರಗಳಲ್ಲಿ ಓಡದ ಪುಸ್ತಕ ಮೇಜಿನಿಂದ ಇಳಿಯುತ್ತದೆ.

ಅಮೆರಿಕದ ಸುಪ್ರೀಂ ಕೋರ್ಟಿನ 1979ರ ಥಾರ್ ಪವರ್ ಟೂಲ್ ತೀರ್ಪನ್ನು ಬಿಡಬೇಡಿ. ಕೇಸು ಯಂತ್ರೋಪಕರಣ ಕಂಪನಿಯದಾದರೂ ನಿಮ್ಮ ವಿಷಯಕ್ಕೆ ನೇರ ಸಂಬಂಧ ಇದೆ. ಗೋದಾಮಿನಲ್ಲಿ ಉಳಿದ ಸರಕಿನ ಬೆಲೆಯನ್ನು ಲೆಕ್ಕದಲ್ಲಿ ಸುಮ್ಮನೆ ಇಳಿಸಿ ತೆರಿಗೆ ಉಳಿಸುವ ದಾರಿ ಮುಚ್ಚಿತು. ನಿಧಾನವಾಗಿ ಹೋಗುವ ಹಳೆ ಪುಸ್ತಕವನ್ನು ಇಟ್ಟುಕೊಳ್ಳುವುದಕ್ಕಿಂತ ರದ್ದಿಗೆ ಹಾಕುವುದೇ ಅನುಕೂಲವಾಯಿತು.

ಪೆಂಗ್ವಿನ್ ರ‍್ಯಾಂಡಮ್ ಹೌಸ್, ಸೈಮನ್ ಆ್ಯಂಡ್ ಶುಸ್ಟರ್ ಎಂಬ ಎರಡು ದೊಡ್ಡ ಪ್ರಕಾಶನ ಸಂಸ್ಥೆಗಳ ವಿಲೀನವನ್ನು 2022ರ ಅಕ್ಟೋಬರ್‌ನಲ್ಲಿ ಕೋರ್ಟು ತಡೆಯಿತಲ್ಲ, ಆ ತೀರ್ಪನ್ನೂ ಓದಿ. ವಾದ ನಿಂತಿದ್ದೇ 2.5 ಲಕ್ಷ ಡಾಲರ್ ಮೇಲ್ಪಟ್ಟ ಅಡ್ವಾನ್ಸ್‌ಗಳ ಮೇಲೆ.

ಶಿವಗಂಗೋತ್ರಿ_ಎಂಎ:
ತುಂಬಾ ಉಪಕಾರವಾಯ್ತು ಸರ್. ಹಾಗಾದರೆ ಕಥಾಸಂಕಲನ, ಪ್ರಯೋಗದ ಬರವಣಿಗೆಗೆ ಎಲ್ಲಿ ಜಾಗ?

ಕೋಟೆನಾಡು:
ಬಹಳಷ್ಟು ಲಾಭರಹಿತ ಪ್ರಕಾಶನಗಳಲ್ಲಿ. ಮಿನಿಯಾಪೊಲಿಸ್‌ನ ಗ್ರೇವುಲ್ಫ್, ಕಾಫಿ ಹೌಸ್, ಮಿಲ್ಕ್‌ವೀಡ್ ಮಾರಾಟದ ಜೊತೆಗೆ ದೇಣಿಗೆ, ಅನುದಾನ ನಂಬಿ ನಡೆಯುತ್ತವೆ. ನಮ್ಮಲ್ಲಿಯ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ಇದಕ್ಕೆ ಹೋಲಿಸುವುದಾದರೆ ಒಂದು ವ್ಯತ್ಯಾಸ ಬರೆದುಕೊಳ್ಳಿ: ಅಮೆರಿಕದಲ್ಲಿ ಯಾವ ಪುಸ್ತಕ ಬೇಕು ಅನ್ನುವುದನ್ನು ಆಯಾ ಊರಿನ ಗ್ರಂಥಾಲಯ ವ್ಯವಸ್ಥೆಯೇ ಆರಿಸಿ ಕೊಳ್ಳುತ್ತದೆ.