ಟೈಪ್ ಥಿಯರಿಯ ‘ಟೈಪ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಮಾತಿನ ಅರ್ಥವನ್ನು ಟೈಪ್ ಥಿಯರಿ ಇಟ್ಟುಕೊಂಡು ಬಿಡಿಸುವುದು ಹೇಗೆ ಅಂತ ಒಂದು ಬರಹಕ್ಕೆ ಕೈ ಹಾಕಿದ್ದೇನೆ. (ಪ್ರತಿಯೊಂದಕ್ಕೂ ಒಂದು ‘ಟೈಪ್’ ಕೊಟ್ಟು, ಯಾವುದು ಯಾವುದರ ಜೊತೆ ಕೂಡುತ್ತದೆ ಅಂತ ನೋಡುವ ತರ್ಕಶಾಸ್ತ್ರದ ಪದ್ಧತಿ ಅದು.) ಮೊದಲ ಪದದಲ್ಲೇ ಸಿಕ್ಕಿಕೊಂಡೆ. ‘ಟೈಪ್’ ಅಂತಲೇ ಬಿಟ್ಟರೆ ಕೀಲಿಮಣೆ ಕುಟ್ಟುವುದು ನೆನಪಾಗುತ್ತದೆ. ‘ಪ್ರಕಾರ’ ಅಂತ ಹಾಕಿ ನೋಡಿದೆ. ‘ಮಾಂಟೆಗ್ಯೂ ಪ್ರಕಾರ ಈ ಎರಡು ಪದಗಳ ಪ್ರಕಾರ ಒಂದೇ’ ಅನ್ನುವ ವಾಕ್ಯ ಹುಟ್ಟಿತು! (ಮಾಂಟೆಗ್ಯೂ ಒಬ್ಬ ತರ್ಕಶಾಸ್ತ್ರಜ್ಞ, ಮುಂದೆ ಬರುತ್ತಾರೆ.) ‘ವರ್ಗ’ವನ್ನು ಗಣಿತದವರು ಆಗಲೇ ವರ್ಗಮೂಲಕ್ಕೆ ಹಿಡಿದಿಟ್ಟಿದ್ದಾರೆ. ‘ಜಾತಿ’ ಬೇಡವೇ ಬೇಡ.

ಉಳಿದದ್ದು ‘ಬಗೆ’. ನನಗೆ ಇದೇ ಇಷ್ಟ. ಹಳಗನ್ನಡದಲ್ಲಿ ಬಗೆ ಅಂದರೆ ಮನಸ್ಸು, ಆಲೋಚನೆ ಕೂಡ. ಒಳಬಗೆ (ಸಬ್‌ಟೈಪ್), ಬಗೆದೋಷ (ಟೈಪ್ ಎರರ್) ಅಂತ ಹೊಸ ಪದಗಳನ್ನೂ ಸುಲಭವಾಗಿ ಕಟ್ಟಬಹುದು. ಒಂದೇ ತೊಂದರೆ, ‘ಅರ್ಥದ ಬಗೆ’ಗೂ ‘ಅರ್ಥದ ಬಗ್ಗೆ’ಗೂ ಒಂದು ಒತ್ತಕ್ಷರದ ದೂರ.

ಯಾವ ಪದ ಆರಿಸಿದರೂ ಅದು ಅರ್ಥವನ್ನು ಬಿಡಿಸುವ ಎರಡು ಬೇರೆ ಬೇರೆ ಥಿಯರಿಗಳಿಗೂ ಹೊಂದಬೇಕು. 1970ರ ಆಸುಪಾಸಿನಲ್ಲಿ ರಿಚರ್ಡ್ ಮಾಂಟೆಗ್ಯೂ ಇಟ್ಟುಕೊಂಡ ಮೂಲ ಬಗೆಗಳು ಎರಡೇ: ಲೋಕದಲ್ಲಿರುವ ವಸ್ತು-ವ್ಯಕ್ತಿಗಳದ್ದು ಒಂದು, ನಿಜ-ಸುಳ್ಳಿನದ್ದು ಇನ್ನೊಂದು. ಮಿಕ್ಕದ್ದೆಲ್ಲ ಇವುಗಳ ಮೇಲೆ ಕಟ್ಟಿದ ಫಂಕ್ಷನ್, ಅಂದರೆ ಒಂದನ್ನು ಕೊಟ್ಟರೆ ಇನ್ನೊಂದನ್ನು ತಿರುಗಿ ಕೊಡುವಂಥದ್ದು. ಸ್ಥೂಲವಾಗಿ ಹೇಳಿದರೆ ‘ಕಲ್ಲು’, ‘ಮಾತಾಡು’ ಎರಡರದ್ದೂ ಅಲ್ಲಿ ಒಂದೇ ಬಗೆ. ಒಂದು ವಸ್ತು ಕೊಟ್ಟರೆ ನಿಜವೋ ಸುಳ್ಳೋ ಹೇಳುತ್ತವೆ. ಹಾಗಾಗಿ ‘ಕಲ್ಲು ಮಾತಾಡಿತು’ ಅನ್ನುವುದು ಸರಿಯಾದ ವಾಕ್ಯವೇ, ಸುಳ್ಳು ಅಷ್ಟೇ.

ಇನ್ನೊಬ್ಬ ತರ್ಕಶಾಸ್ತ್ರಜ್ಞ ಪೆರ್ ಮಾರ್ಟಿನ್-ಲೋಫ್ ಕಟ್ಟಿದ ಟೈಪ್ ಥಿಯರಿಯಲ್ಲಿ ಹಾಗಲ್ಲ. ಅದನ್ನು ಆರ್ನೆ ರಾಂತಾ 1994ರ ಪುಸ್ತಕದಲ್ಲಿ ವ್ಯಾಕರಣಕ್ಕೆ ತಂದರು. ಇಲ್ಲಿ ‘ಕಲ್ಲು’, ‘ಮನುಷ್ಯ’ ಅನ್ನುವ ನಾಮಪದಗಳೇ ಒಂದೊಂದು ಬಗೆ. ‘ಮಾತಾಡು’ವಿಗೆ ಮನುಷ್ಯರೇ ಬೇಕು ಅಂತ ಇಟ್ಟುಕೊಂಡರೆ, ಕಲ್ಲನ್ನು ಕೊಟ್ಟಾಗ ಬರುವುದು ಸುಳ್ಳಲ್ಲ, ವಾಕ್ಯವೇ ಕೂಡುವುದಿಲ್ಲ.

ಕನ್ನಡ ಈ ಎರಡನೆಯವರ ಕಡೆ ವಾಲುತ್ತದೆ ಅಂತ ಮೊದಲು ಖುಷಿಪಟ್ಟೆ. ‘ಮೂವರು ಕಲ್ಲು’ ಅನ್ನಿ ನೋಡೋಣ. ಆಗಲ್ಲ, ಅಲ್ವಾ? ಎಣಿಸುವ ಪದವೇ ಮುಂದಿರುವ ಪದದ ಬಗೆಯನ್ನು ತಪಾಸಣೆ ಮಾಡುತ್ತಿದೆ.

ಆದರೆ ‘ಮಗು’ ಎಲ್ಲ ಕೆಡಿಸಿತು. ‘ಮಗು ಮಲಗಿದೆ’ ಅನ್ನುತ್ತೇವೆ, ಕಲ್ಲಿಗೆ ಹಾಕುವ ಪ್ರತ್ಯಯವೇ. ಇನ್ನೊಂದು ಮಗು ಪಕ್ಕಕ್ಕೆ ಬಂದರೆ ‘ಮಕ್ಕಳು ಮಲಗಿದ್ದಾರೆ’! ಒಂದಿದ್ದಾಗ ನಪುಂಸಕ, ಇಬ್ಬರಾದರೆ ಮನುಷ್ಯರು. ಹಾಗಂತ ‘ಮಗು ಮಾತಾಡಿತು’ ಅನ್ನುವುದು ಯಾರಿಗೂ ತಪ್ಪು ಅನಿಸುವುದಿಲ್ಲ. ಅಂದರೆ ಕ್ರಿಯಾಪದದ ಕೊನೆಯಲ್ಲಿ ಕಾಣುವ ಲಿಂಗ ಬೇರೆ, ಅರ್ಥದ ಬಗೆ ಬೇರೆ. ನಾನು ಎರಡನ್ನೂ ಸುಮ್ನೆ ಒಂದೇ ಅಂದುಕೊಂಡಿದ್ದೆ.

ಈಗ ನನ್ನ ಪ್ರಶ್ನೆಗಳು. ‘ಬಗೆ’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ‘ಮಗು’ವಿನ ಹಾಗೆ ಏಕವಚನದಲ್ಲಿ ಒಂದು, ಬಹುವಚನದಲ್ಲಿ ಇನ್ನೊಂದು ಆಗುವ ಬೇರೆ ಪದ ಇದೆಯಾ? ‘ಜನ’ ಹೊಳೆಯಿತು. ಆದರೆ ಅದಕ್ಕೆ ‘ಬಂದರು’, ‘ಬಂತು’ ಎರಡೂ ನಡೆಯುವುದರಿಂದ ಈ ಲೆಕ್ಕಕ್ಕೆ ಸೇರಿಸಲು ಅನುಮಾನ.