ಜಪಾನಿ ಸಾಹಿತ್ಯ ಎಲ್ಲಿಂದ ಶುರು ಮಾಡಲಿ?

ಹಿಂಜವಡಿ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ಐಟಿ ಕೆಲಸದಲ್ಲಿದ್ದೇನೆ. ನಮ್ಮ ಕ್ಲೈಂಟ್ ಜಪಾನಿನವರು, ಹಾಗಾಗಿ ಭಾಷೆ ಕಲಿತು ಎನ್4 (ಜಪಾನಿ ಭಾಷಾ ಪರೀಕ್ಷೆಯ ಒಂದು ಆರಂಭಿಕ ಹಂತ) ಪಾಸು ಮಾಡಿದೆ. ಈಗ ಕೆಲಸಕ್ಕಲ್ಲ, ಸುಮ್ನೆ ಖುಷಿಗೆ ಅವರ ಕಥೆ ಕಾದಂಬರಿ ಓದೋಣ ಅನಿಸುತ್ತಿದೆ. ಮುರಕಾಮಿ ಬಿಟ್ಟರೆ ಯಾರೂ ಗೊತ್ತಿಲ್ಲ. ಕ್ಲಾಸಿನ ಗೆಳೆಯರೊಬ್ಬರು ಅಲ್ಲಿನ ಹಳೆಯ ಕಾದಂಬರಿ 'ಗೆಂಜಿ'ಯಿಂದಲೇ ಶುರು ಮಾಡು ಅಂತಾರೆ. ಇಂಗ್ಲಿಷ್‌ನಲ್ಲಿ ಓದಲಾ, ಇಲ್ಲ ಭಾಷೆ ಚೆನ್ನಾಗಿ ಬರುವವರೆಗೆ ಕಾಯಲಾ?

ಕೋಥ್ರೂಡ್ ಓದುಗ:
ಖಂಡಿತ ಕಾಯಬೇಡಿ. ದಿನಬಳಕೆಗೆ ಬೇಕು ಅಂತ ಅಲ್ಲಿನ ಸರ್ಕಾರ ಪಟ್ಟಿ ಮಾಡಿರುವ ಕಾಂಜಿಗಳೇ (ಚೀನೀ ಮೂಲದ ಅಕ್ಷರಗಳು) 2,136. ಅವೆಲ್ಲ ಬರುವ ಹೊತ್ತಿಗೆ ಓದುವ ಆಸೆಯೇ ಆರಿಹೋಗುತ್ತೆ. ಗೆಂಜಿ ದೊಡ್ಡ ಕೃತಿ, ನನಗೂ ಇಷ್ಟ, ಆದರೆ ಮೊದಲಿಗೆ ಬೇಡ. 11ನೇ ಶತಮಾನದ ಶುರುವಿನದು, 54 ಅಧ್ಯಾಯ, ಸಾಲದ್ದಕ್ಕೆ ಪಾತ್ರಗಳನ್ನು ಹೆಚ್ಚಾಗಿ ಹುದ್ದೆಯಿಂದ ಕರೆಯುತ್ತಾರೆ, ಹುದ್ದೆ ಬದಲಾದರೆ ಕರೆಯುವ ರೀತಿಯೂ ಬದಲಾಗುತ್ತೆ, ಯಾರು ಯಾರು ಅಂತಲೇ ತಿಳಿಯಲ್ಲ.

ಅಕುತಗವನ ಸಣ್ಣ ಕಥೆ ಹಿಡಿಯಿರಿ. 1922ರ 'ಪೊದೆಯೊಳಗೆ' ಒಂದು ಕೊಲೆಯ ಕಥೆ. ಕಂಡವರು, ಸಿಕ್ಕಿಬಿದ್ದವರು, ಕೊನೆಗೆ ಸತ್ತವನ ಆತ್ಮ ಕೂಡ ಹೇಳಿಕೆ ಕೊಡುತ್ತೆ, ಒಂದಕ್ಕೊಂದು ಹೊಂದಲ್ಲ. ಕುರೊಸಾವಾ 1950ರ 'ರಾಶೊಮೊನ್' ಸಿನಿಮಾಕ್ಕೆ ಕಥೆ ತೆಗೆದುಕೊಂಡಿದ್ದು ಇದರಿಂದಲೇ, ಹೆಸರು ಮತ್ತು ಸ್ವಲ್ಪ ಹಿನ್ನೆಲೆ ಅದೇ ಲೇಖಕನ ಇನ್ನೊಂದು ಕಥೆಯದು. 'ಉಳಿದವರು ಕಂಡಂತೆ' ಇಷ್ಟಪಟ್ಟವರಿಗೆ ಈ ರೀತಿ ಹೊಸದೇನಲ್ಲ ಅಲ್ವಾ. ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದು.

ಮಾಟುಂಗಾ ಅಕ್ಕ:
ಅಕುತಗವ ಸರಿ, ಆದರೆ ತಮ್ಮಾ, ಅಲ್ಲೇ ನಿಲ್ಲಬೇಡಪ್ಪ. ಆಮೇಲೆ ನತ್ಸುಮೆ ಸೋಸೆಕಿಯ 'ಕೊಕೊರೊ' ಓದು. 1914ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಒಬ್ಬ ಕಾಲೇಜು ಹುಡುಗ, ಅವನು 'ಸೆನ್ಸೇ' (ಗುರುಗಳೇ) ಅಂತ ಕರೆಯುವ ಒಬ್ಬ ಹಿರಿಯ, ಅಷ್ಟೇ. ಆ ಹಿರಿಯ ಏನೋ ಮುಚ್ಚಿಡುತ್ತಿದ್ದಾನೆ ಅಂತ ಮೊದಲಿಂದಲೇ ಗೊತ್ತಾಗುತ್ತೆ, ಆದರೆ ಅದೇನು ಅಂತ ಕೊನೆಯ ಭಾಗದ ಉದ್ದನೆಯ ಪತ್ರದವರೆಗೂ ಬಿಟ್ಟುಕೊಡಲ್ಲ. ನಡುವಿನ ಭಾಗದಲ್ಲಿ ಹುಡುಗ ಓದು ಮುಗಿಸಿ ಹಳ್ಳಿಗೆ ಹೋಗುತ್ತಾನೆ, ಅಪ್ಪನಿಗೆ ಹುಷಾರಿಲ್ಲ, ಮನಸ್ಸು ಮಾತ್ರ ಟೋಕಿಯೊದಲ್ಲಿ. ಅದೇ ಹೊತ್ತಿಗೆ ಮೇಜಿ ಚಕ್ರವರ್ತಿ ತೀರಿಕೊಂಡ ಸುದ್ದಿ ಬರುತ್ತೆ, ಅದು 1912. ಒಂದು ಕಾಲವೇ ಮುಗಿಯಿತು ಅಂತ ಹಿರಿಯರಿಗೆಲ್ಲ ಅನಿಸುತ್ತೆ. ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಮುಂಬೈ, ಪುಣೆಯಲ್ಲಿ ದುಡಿಯುವ ನಮ್ಮಂಥವರಿಗೆ ಆ ಭಾಗ ಓದೋದು ಸುಲಭ ಅಲ್ಲ, ನನಗಂತೂ ಪುಸ್ತಕ ಕೆಳಗಿಟ್ಟು ಮನೆಗೆ ಫೋನ್ ಮಾಡಬೇಕು ಅನಿಸಿತ್ತು.

ಕವಬಾಟಾ 1968ರಲ್ಲಿ ನೊಬೆಲ್ ಪಡೆದವರು, ಅವರ ಕಾದಂಬರಿಗಳಲ್ಲಿ ಹೇಳದೇ ಬಿಟ್ಟದ್ದೇ ಜಾಸ್ತಿ. ಅಭ್ಯಾಸವಾದ ಮೇಲೆ ಓದು.

ಮಡಗಾಂವ್ ಮಾಸ್ತರ್:
ಎನ್4 ಆಗಿದೆ ಅಂದಿರಿ, ಹಾಗಾದರೆ ಮೂಲದಲ್ಲೂ ಸ್ವಲ್ಪ ಸ್ವಲ್ಪ ಶುರು ಮಾಡಬಹುದು. ವಾಕ್ಯದಲ್ಲಿ ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ, ನಮ್ಮ ಹಾಗೆಯೇ. ವಿಭಕ್ತಿಯ ಕೆಲಸ ಮಾಡುವ ಚೂರುಗಳು ನಾಮಪದದ ನಂತರವೇ ಬರುತ್ತವೆ. ಹಾಗಾಗಿ ಉದ್ದ ವಾಕ್ಯ ಬಂದರೆ ಇಂಗ್ಲಿಷ್‌ಗೆ ತಿರುಗಿಸಬೇಡಿ, ಕನ್ನಡದಲ್ಲೇ ಯೋಚನೆ ಮಾಡಿ, ಎಷ್ಟೋ ಸಲ ಅದೇ ಕ್ರಮದಲ್ಲಿ ಅರ್ಥ ಆಗಿಬಿಡುತ್ತೆ.

ಅಓಝೋರಾ ಬುಂಕೋ ಅನ್ನುವ ತಾಣದಲ್ಲಿ ಹಕ್ಕುಸ್ವಾಮ್ಯ ಮುಗಿದ ಕೃತಿಗಳು ಉಚಿತ. ಅಕುತಗವ, ಸೋಸೆಕಿ, ದಜಾಯ್ ಎಲ್ಲ ಸಿಗುತ್ತಾರೆ. ಕವಬಾಟಾ, ಮಿಶಿಮಾ ಸಿಗಲ್ಲ. ಜಪಾನಿನಲ್ಲಿ ಲೇಖಕ ತೀರಿಕೊಂಡು 70 ವರ್ಷ ಆಗಬೇಕು ಅಂತ 2018ರ ಕೊನೆಯಲ್ಲಿ ನಿಯಮ ಬದಲಾಯಿತು, ಇವರಿಬ್ಬರೂ 1970ರ ದಶಕದಲ್ಲಿ ತೀರಿಕೊಂಡವರು.

ಮೊದಲು ನಿಇಮಿ ನಾಂಕಿಚಿಯ 'ಗೋನ್ ನರಿ' ಓದಿ, 1932ರದು. ತುಂಟ ನರಿಯೊಂದು ತಾನು ಮಾಡಿದ ತಪ್ಪಿಗೆ ಬೇಜಾರಾಗಿ, ಯಾರಿಗೂ ಕಾಣದಂತೆ ಒಬ್ಬ ಬಡವನ ಮನೆಗೆ ಚೆಸ್ಟ್‌ನಟ್ ಕಾಯಿ, ಅಣಬೆ ತಂದಿಡುತ್ತೆ. ನಮಗೆ ಗೋವಿನ ಹಾಡು ಇದ್ದಂತೆ ಅಲ್ಲಿನ ಮಕ್ಕಳಿಗೆ ಇದು ಶಾಲೆಯ ಪಾಠ. ಅಂತ್ಯ ಹೇಳಲ್ಲ.

ಹಿಂಜವಡಿ ಕನ್ನಡಿಗ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಕುತಗವ ಇಂಗ್ಲಿಷ್‌ನಲ್ಲಿ, ಗೋನ್ ಜಪಾನಿಯಲ್ಲಿ, ಎರಡೂ ಈ ಶನಿವಾರವೇ. ಅಕ್ಕಾ, ಅಂಗಡಿಯಲ್ಲಿ 'ಸೋಸೆಕಿ' ಅಂತ ಹುಡುಕಬೇಕಾ, 'ನತ್ಸುಮೆ' ಅಂತಲಾ?

ಮಾಟುಂಗಾ ಅಕ್ಕ:
ಎರಡೂ ನೋಡಪ್ಪ. ನತ್ಸುಮೆ ಮನೆತನದ ಹೆಸರು, ಸೋಸೆಕಿ ಕಾವ್ಯನಾಮ. ಕೆಲವು ಪ್ರಕಾಶಕರು ಹಿಂದು ಮುಂದು ಮಾಡಿ ಹಾಕುತ್ತಾರೆ.